ರೋಗಿಯ ಹಾಸಿಗೆಯ ಪಕ್ಕದಲ್ಲೇ ಪಾಠ ಹೇಳಿದ ವಿಲಿಯಂ ಓಸ್ಲರ್

ಬಿಳಿ ಕೋಟು ತೊಟ್ಟ ವಿದ್ಯಾರ್ಥಿಯೊಬ್ಬ ವಾರ್ಡಿನಲ್ಲಿ ರೋಗಿಯ ಮಂಚದ ಬಳಿ ನಿಂತು ಕೇಸ್ ಶೀಟ್ ಬರೆದುಕೊಳ್ಳುವುದು, ಹಿರಿಯ ಪ್ರಾಧ್ಯಾಪಕರು ಬಂದಾಗ ಆ ರೋಗಿಯ ಪೂರ್ವಾಪರವನ್ನು ಒಪ್ಪಿಸುವುದು, ಪದವಿ ಮುಗಿಸಿದ ಮೇಲೆ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಹಗಲಿರುಳು ದುಡಿದು ತಜ್ಞನಾಗುವುದು - ಇವೆಲ್ಲ ಇಂದು ನಮಗೆ ತೀರ ಸಹಜವೆನಿಸುವ ಸಂಗತಿಗಳು. ನಮ್ಮ ನಾಡಿನ ಯಾವ ಬೋಧನಾ ಆಸ್ಪತ್ರೆಗೆ ಹೋದರೂ ಈ ನೋಟ ಕಾಣಸಿಗುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೂ ಅಮೆರಿಕದ ಎಷ್ಟೋ ವೈದ್ಯಕೀಯ ವಿದ್ಯಾರ್ಥಿಗಳು ರೋಗಿಯ ನಾಡಿ ಹಿಡಿದು ನೋಡದೆಯೇ ವೈದ್ಯರೆನಿಸಿಕೊಳ್ಳುತ್ತಿದ್ದರು. ಅವರು ಕಲಿತಿದ್ದು ದೊಡ್ಡ ಸಭಾಂಗಣದ ಬೆಂಚುಗಳ ಮೇಲೆ ಕುಳಿತು ಕೇಳಿದ ಉಪನ್ಯಾಸಗಳಿಂದ ಮಾತ್ರ.

ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಹೆಸರು ಸರ್ ವಿಲಿಯಂ ಓಸ್ಲರ್. ಕೆನಡಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಕೀರ್ತಿ ಗಳಿಸಿ, ಇಂಗ್ಲೆಂಡಿನಲ್ಲಿ ಕಣ್ಮುಚ್ಚಿದ ಈ ವೈದ್ಯರು ತಮ್ಮ ಪ್ರಯೋಗಕ್ಕೆ ಆಯ್ದುಕೊಂಡ ನೆಲ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ. ಅದು ಸರ್ಕಾರ ಕಟ್ಟಿದ ಸಂಸ್ಥೆಯಲ್ಲ. ವರ್ತಕನೊಬ್ಬನ ದತ್ತಿಯಿಂದ ಹುಟ್ಟಿ, ಮಹಿಳೆಯೊಬ್ಬರ ಕೊಡುಗೆಯಿಂದ ಉಳಿದ ಖಾಸಗಿ ವಿದ್ಯಾಸಂಸ್ಥೆ. ಖಾಸಗಿ ವೈದ್ಯಕೀಯ ಶಿಕ್ಷಣವೆಂದರೆ ಮೊದಲು ಶುಲ್ಕದ ಮಾತೇ ನೆನಪಾಗುವ ಇಂದಿನ ದಿನಗಳಲ್ಲಿ ಈ ಮನುಷ್ಯನ ಬದುಕನ್ನೂ ಆ ಸಂಸ್ಥೆಯ ಆರಂಭದ ದಿನಗಳನ್ನೂ ಒಟ್ಟಿಗೆ ನೋಡುವುದು ಉಪಯುಕ್ತ.

ಪಾದ್ರಿಯ ಮನೆಯ ತುಂಟ ಹುಡುಗ

ಓಸ್ಲರ್ ಹುಟ್ಟಿದ್ದು 1849ರ ಜುಲೈ 12ರಂದು, ಇಂದಿನ ಒಂಟಾರಿಯೋ ಪ್ರಾಂತ್ಯದ ಬಾಂಡ್ ಹೆಡ್ ಎಂಬ ಹಳ್ಳಿಯಲ್ಲಿ. ತಂದೆ ಫೆದರ್‌ಸ್ಟೋನ್ ಓಸ್ಲರ್ ಹಿಂದೆ ನೌಕಾಪಡೆಯಲ್ಲಿದ್ದು, ಬಳಿಕ ಪಾದ್ರಿಯಾಗಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಕೆನಡಾದ ಕಾಡುನಾಡಿಗೆ ಬಂದವರು. ತಾಯಿ ಎಲೆನ್. ತುಂಬು ಸಂಸಾರದಲ್ಲಿ ವಿಲಿಯಂ ಕಿರಿಯ ಮಗ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಕುಟುಂಬ 1857ರಲ್ಲಿ ಡಂಡಾಸ್ ಎಂಬ ಪಟ್ಟಣಕ್ಕೆ ಬಂದು ನೆಲೆಸಿತು.

ಮುಂದೆ ಜಗತ್ತಿನ ಶ್ರೇಷ್ಠ ಅಧ್ಯಾಪಕರೆನಿಸಿದ ಓಸ್ಲರ್ ಬಾಲ್ಯದಲ್ಲಿ ಶಾಲೆಯಿಂದ ಹೊರದೂಡಲ್ಪಟ್ಟ ವಿದ್ಯಾರ್ಥಿ. ಓದಿನಲ್ಲಿ ಹಿಂದೆ ಬಿದ್ದವರೇನಲ್ಲ, ಆದರೆ ಅವರ ಕೀಟಲೆಗೆ ಮಿತಿಯಿರಲಿಲ್ಲ. ಈ ತುಂಟತನ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಪ್ರಾಧ್ಯಾಪಕರಾದ ಮೇಲೂ ಎಗರ್ಟನ್ ಯಾರಿಕ್ ಡೇವಿಸ್ ಎಂಬ ಕಲ್ಪಿತ ಹೆಸರಿನಲ್ಲಿ ವೈದ್ಯಕೀಯ ಪತ್ರಿಕೆಗಳಿಗೆ ಹುಸಿ ವರದಿಗಳನ್ನು ಬರೆದು ಕಳುಹಿಸುತ್ತಿದ್ದರು.

ಹುಡುಗನ ಬಾಳಿಗೆ ತಿರುವು ದೊರೆತದ್ದು ವೆಸ್ಟನ್ ಎಂಬಲ್ಲಿದ್ದ ಟ್ರಿನಿಟಿ ಕಾಲೇಜ್ ಶಾಲೆಯಲ್ಲಿ. ಅಲ್ಲಿನ ಮುಖ್ಯಸ್ಥರಾಗಿದ್ದ ಪಾದ್ರಿ ಡಬ್ಲ್ಯು. ಎ. ಜಾನ್ಸನ್ ನಿಸರ್ಗಪ್ರೇಮಿ. ಕೆರೆಕುಂಟೆಗಳಿಗೆ ಹುಡುಗರನ್ನು ಕರೆದೊಯ್ದು, ಅಲ್ಲಿಂದ ತಂದ ನೀರನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ತೋರಿಸುತ್ತಿದ್ದರು. ಟೊರಾಂಟೊದ ವೈದ್ಯ ಜೇಮ್ಸ್ ಬೋವೆಲ್ ಕೂಡ ಇದೇ ಬಳಗದವರು. ಪುಸ್ತಕಕ್ಕಿಂತ ಮೊದಲು ವಸ್ತುವನ್ನು ನೋಡು ಎಂಬ ಪಾಠ ಓಸ್ಲರ್ ಅವರಿಗೆ ದೊರೆತದ್ದು ಇಲ್ಲಿಯೇ. ತಂದೆಯ ಹಾದಿಯಲ್ಲಿ ಪಾದ್ರಿಯಾಗಬೇಕೆಂದು 1867ರಲ್ಲಿ ಟೊರಾಂಟೊದ ಟ್ರಿನಿಟಿ ಕಾಲೇಜು ಸೇರಿದವರು, ಮರುವರ್ಷವೇ ಧರ್ಮಶಾಸ್ತ್ರವನ್ನು ಬಿಟ್ಟು ವೈದ್ಯಕೀಯಕ್ಕೆ ಬಂದರು. ಅಲ್ಲಿಗಿಂತ ಉತ್ತಮವಾದ ಆಸ್ಪತ್ರೆ ತರಬೇತಿ ಸಿಗುವುದೆಂದು 1870ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ತೆರಳಿ, 1872ರಲ್ಲಿ ಪದವಿ ಪಡೆದರು.

ಸಿಡುಬಿನ ವಾರ್ಡು ಮತ್ತು ಸೂಕ್ಷ್ಮದರ್ಶಕಗಳು

ಪದವಿಯ ನಂತರ ಎರಡು ವರ್ಷ ಓಸ್ಲರ್ ಲಂಡನ್, ಬರ್ಲಿನ್, ವಿಯೆನ್ನಾ ನಗರಗಳಲ್ಲಿ ಕಲಿತರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ಡನ್ ಸ್ಯಾಂಡರ್ಸನ್ ಅವರ ಪ್ರಯೋಗಾಲಯದಲ್ಲಿದ್ದಾಗ ರಕ್ತದಲ್ಲಿ ಕೆಂಪು ಮತ್ತು ಬಿಳಿ ಕಣಗಳಲ್ಲದೆ ಮತ್ತೊಂದು ಬಗೆಯ ಅತಿ ಸಣ್ಣ ಕಣಗಳಿರುವುದನ್ನು ಗಮನಿಸಿ, 1874ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಡೆಂಗಿ ಜ್ವರ ಬಂದಾಗ ಪ್ರತಿ ಮನೆಯಲ್ಲೂ ಆತಂಕದಿಂದ ವಿಚಾರಿಸುವ ಪ್ಲೇಟ್‌ಲೆಟ್‌ಗಳು ಇವೇ. ಅವುಗಳನ್ನು ಕಂಡು ಬರೆದ ಮೊದಲಿಗರಲ್ಲಿ ಓಸ್ಲರ್ ಒಬ್ಬರು.

ತಾಯ್ನಾಡಿಗೆ ಮರಳಿ ಮೆಕ್‌ಗಿಲ್‌ನಲ್ಲಿ ಅಧ್ಯಾಪಕರಾದಾಗ ಅವರಿಗೆ 25 ವರ್ಷ. ಮರುವರ್ಷ ಪ್ರಾಧ್ಯಾಪಕ ಸ್ಥಾನ ದೊರೆಯಿತು. ಮಾಂಟ್ರಿಯಲ್ ಜನರಲ್ ಆಸ್ಪತ್ರೆಯ ಸಿಡುಬಿನ ವಾರ್ಡನ್ನು ನೋಡಿಕೊಳ್ಳುವ ಅಪಾಯದ ಕೆಲಸವನ್ನು ಒಪ್ಪಿಕೊಂಡು, ಅದರಿಂದ ಬಂದ ಹಣದಲ್ಲಿ ವಿದ್ಯಾರ್ಥಿಗಳಿಗಾಗಿ ಸೂಕ್ಷ್ಮದರ್ಶಕಗಳನ್ನು ಕೊಂಡು ತಂದರು. ಆ ಕೆಲಸದಲ್ಲಿ ಅವರಿಗೂ ಸಿಡುಬು ತಗುಲಿತು. ಅದೃಷ್ಟವಶಾತ್ ಸೌಮ್ಯವಾಗಿ ಬಂದು ಹೋಯಿತು.

ಅಲ್ಲಿದ್ದ ಹತ್ತು ವರ್ಷಗಳಲ್ಲಿ ಓಸ್ಲರ್ ಮಾಡಿದ ಶವಪರೀಕ್ಷೆಗಳು ನೂರಾರು. ಬದುಕಿದ್ದಾಗ ರೋಗಿಯಲ್ಲಿ ಕಂಡ ಲಕ್ಷಣಗಳಿಗೂ ಸತ್ತ ಮೇಲೆ ಅಂಗಾಂಗಗಳಲ್ಲಿ ಕಂಡ ವಿಕಾರಗಳಿಗೂ ಇರುವ ನಂಟನ್ನು ಅವರು ಒಂದೊಂದಾಗಿ ಬರೆದಿಟ್ಟುಕೊಂಡರು. ವೈದ್ಯ ತಾನು ಮಾಡಿದ ರೋಗನಿದಾನ ಸರಿಯೋ ತಪ್ಪೋ ಎಂದು ಪರೀಕ್ಷಿಸಿಕೊಳ್ಳಲು ಆ ಕಾಲದಲ್ಲಿ ಇದಕ್ಕಿಂತ ಖಚಿತವಾದ ದಾರಿಯಿರಲಿಲ್ಲ. ಎಕ್ಸ್-ರೇ ಆವಿಷ್ಕಾರವಾದದ್ದೇ 1895ರಲ್ಲಿ.

1884ರಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಅಲ್ಲಿನ ವಿದ್ಯಾರ್ಥಿಗಳಿಗೆ ಹೊಸ ಪ್ರಾಧ್ಯಾಪಕರು ಆರಂಭದಲ್ಲಿ ಅಷ್ಟಾಗಿ ರುಚಿಸಲಿಲ್ಲ. ಅವರಿಗೆ ಬೇಕಾಗಿದ್ದುದು ಗಂಭೀರ ಧ್ವನಿಯ ವಾಗ್ಮಿ. ಬಂದದ್ದು ಮೇಜಿನ ತುದಿಯಲ್ಲಿ ಕುಳಿತು ಮಾತುಕತೆಯಂತೆ ಪಾಠ ಹೇಳುವ, ಎಲ್ಲರನ್ನೂ ವಾರ್ಡಿಗೆ ಎಳೆದೊಯ್ಯುವ ಕೆನಡಿಯನ್. ಕೆಲವೇ ತಿಂಗಳಲ್ಲಿ ಅವರ ಹಿಂದೆ ಹುಡುಗರ ಹಿಂಡೇ ಸುತ್ತತೊಡಗಿತು.

ವರ್ತಕನ ಉಯಿಲು

ಇದೇ ಹೊತ್ತಿಗೆ ಬಾಲ್ಟಿಮೋರಿನಲ್ಲಿ ಹೊಸದೊಂದು ಆಸ್ಪತ್ರೆ ಏಳುತ್ತಿತ್ತು. ಅವಿವಾಹಿತ ವರ್ತಕ ಜಾನ್ಸ್ ಹಾಪ್ಕಿನ್ಸ್ 1873ರಲ್ಲಿ ತೀರಿಕೊಂಡಾಗ ಸುಮಾರು 70 ಲಕ್ಷ ಡಾಲರ್ ಆಸ್ತಿಯನ್ನು ಒಂದು ವಿಶ್ವವಿದ್ಯಾಲಯಕ್ಕೂ ಒಂದು ಆಸ್ಪತ್ರೆಗೂ ಬರೆದಿಟ್ಟಿದ್ದರು. ಆಸ್ಪತ್ರೆಯು ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಅಂಗವಾಗಿರಬೇಕು, ಬಡವರಿಗೆ ಲಿಂಗ, ವಯಸ್ಸು, ಬಣ್ಣಗಳ ಭೇದವಿಲ್ಲದೆ ಚಿಕಿತ್ಸೆ ದೊರೆಯಬೇಕು ಎಂಬುದು ಧರ್ಮದರ್ಶಿಗಳಿಗೆ ಅವರು ಕೊಟ್ಟ ಸೂಚನೆ. ವಿಶ್ವವಿದ್ಯಾಲಯ 1876ರಲ್ಲಿ ಆರಂಭವಾಯಿತು. ಆಸ್ಪತ್ರೆ ಬಾಗಿಲು ತೆರೆದದ್ದು 1889ರ ಮೇ 7ರಂದು.

ಈ ಸೂಚನೆಯ ಮಹತ್ವ ತಿಳಿಯಬೇಕಾದರೆ ಅಂದಿನ ವೈದ್ಯಕೀಯ ಶಾಲೆಗಳ ಸ್ಥಿತಿಯನ್ನು ಅರಿಯಬೇಕು. ಅಮೆರಿಕದ ಹಲವಾರು ಶಾಲೆಗಳು ಕೆಲವು ವೈದ್ಯರು ಕೂಡಿ ನಡೆಸುತ್ತಿದ್ದ ವ್ಯಾಪಾರಗಳಾಗಿದ್ದವು. ಶುಲ್ಕವೇ ಅವುಗಳ ಆದಾಯ, ಅದು ಅಧ್ಯಾಪಕರ ನಡುವೆ ಹಂಚಿಕೆಯಾಗುತ್ತಿತ್ತು. ಹೆಚ್ಚು ವಿದ್ಯಾರ್ಥಿಗಳು ಬಂದಷ್ಟೂ ಲಾಭ ಹೆಚ್ಚು. ಹೀಗಾಗಿ ಪ್ರವೇಶಕ್ಕೆ ಕಠಿಣ ನಿಯಮ ಹಾಕುವುದಾಗಲೀ, ಪರೀಕ್ಷೆಯಲ್ಲಿ ಅನುತ್ತೀರ್ಣಗೊಳಿಸುವುದಾಗಲೀ ಯಾರಿಗೂ ಬೇಕಿರಲಿಲ್ಲ. ಕೆಲವು ತಿಂಗಳ ಉಪನ್ಯಾಸ ಮಾಲೆಯನ್ನು ಎರಡು ಸಲ ಕೇಳಿದರೆ ಪದವಿ ಕೈಗೆ ಬರುತ್ತಿದ್ದ ಕಾಲವೂ ಇತ್ತು. ಹಾರ್ವರ್ಡ್‌ನಂಥ ಕೆಲವು ಕಡೆ 1870ರ ದಶಕದಲ್ಲಿ ಸುಧಾರಣೆ ಆರಂಭವಾಗಿದ್ದರೂ ಅದು ದೇಶಕ್ಕೆಲ್ಲ ಹಬ್ಬಿರಲಿಲ್ಲ.

ಹಾಪ್ಕಿನ್ಸ್ ಧರ್ಮದರ್ಶಿಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊರಟರು. ದತ್ತಿನಿಧಿಯಿದ್ದುದರಿಂದ ಶುಲ್ಕದ ಹಂಗು ಅಷ್ಟಾಗಿ ಇರಲಿಲ್ಲ. ರೋಗಶಾಸ್ತ್ರಜ್ಞ ವಿಲಿಯಂ ವೆಲ್ಚ್, ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್, ಸ್ತ್ರೀರೋಗ ತಜ್ಞ ಹೊವರ್ಡ್ ಕೆಲ್ಲಿ, ಇವರ ಜೊತೆಗೆ ಔಷಧ ವಿಭಾಗದ ಮುಖ್ಯಸ್ಥರಾಗಿ ಓಸ್ಲರ್ - ಹೀಗೆ ನಾಲ್ವರು ಪ್ರತಿಭಾವಂತರು ಒಂದೆಡೆ ಸೇರಿದರು. ಎಲ್ಲರೂ ನಲವತ್ತರ ಒಳಗಿನವರೇ.

ಮಹಿಳೆಯರು ಹಾಕಿದ ಷರತ್ತು

ಆಸ್ಪತ್ರೆಯೇನೋ ನಡೆಯಿತು. ಆದರೆ ವೈದ್ಯಕೀಯ ಶಾಲೆ ತೆರೆಯಲಿಲ್ಲ. ವಿಶ್ವವಿದ್ಯಾಲಯದ ನಿಧಿಯ ಬಹುಭಾಗ ಬಾಲ್ಟಿಮೋರ್ ಅಂಡ್ ಒಹಾಯೋ ರೈಲ್ವೆ ಕಂಪನಿಯ ಷೇರುಗಳಲ್ಲಿತ್ತು. 1880ರ ದಶಕದ ಕೊನೆಯಲ್ಲಿ ಕಂಪನಿ ಲಾಭಾಂಶ ಕೊಡುವುದನ್ನು ನಿಲ್ಲಿಸಿತು. ಪ್ರಾಧ್ಯಾಪಕರಿದ್ದರು, ರೋಗಿಗಳಿದ್ದರು, ವಿದ್ಯಾರ್ಥಿಗಳೇ ಇರಲಿಲ್ಲ.

ಆಗ ನೆರವಿಗೆ ಬಂದವರು ಧರ್ಮದರ್ಶಿಗಳ ಕುಟುಂಬಗಳಿಗೆ ಸೇರಿದ ವಿದ್ಯಾವಂತ ಯುವತಿಯರ ಒಂದು ಗುಂಪು. ಅವರಲ್ಲಿ ಪ್ರಮುಖರು ಮೇರಿ ಎಲಿಜಬೆತ್ ಗ್ಯಾರೆಟ್ ಮತ್ತು ಎಂ. ಕ್ಯಾರಿ ಥಾಮಸ್. ಗ್ಯಾರೆಟ್ ಅವರ ತಂದೆ ಇದೇ ರೈಲ್ವೆ ಕಂಪನಿಯ ಅಧ್ಯಕ್ಷರಾಗಿದ್ದವರು. ಯಾವ ಕಂಪನಿಯ ಷೇರು ಕುಸಿದು ಶಾಲೆ ನಿಂತಿತೋ ಆ ಕಂಪನಿಯಿಂದ ಬೆಳೆದ ಕುಟುಂಬದ ಹಣವೇ ಶಾಲೆಯನ್ನು ಎತ್ತಿ ನಿಲ್ಲಿಸಿತು. ಬೇಕಾಗಿದ್ದ 5 ಲಕ್ಷ ಡಾಲರ್‌ಗಳಲ್ಲಿ ಗ್ಯಾರೆಟ್ ಒಬ್ಬರೇ 1892ರ ಡಿಸೆಂಬರ್‌ನಲ್ಲಿ 3,06,977 ಡಾಲರ್ ಕೊಟ್ಟರು.

ಈ ಹಣ ಷರತ್ತುಗಳೊಡನೆ ಬಂತು. ಮೊದಲನೆಯದು, ಪುರುಷರಿಗೆ ಇರುವ ನಿಯಮಗಳ ಮೇಲೆಯೇ ಮಹಿಳೆಯರಿಗೂ ಪ್ರವೇಶ. ಎರಡನೆಯದು, ಸೇರುವವರು ಮೊದಲೇ ಪದವೀಧರರಾಗಿರಬೇಕು, ವಿಜ್ಞಾನ ಓದಿರಬೇಕು, ಫ್ರೆಂಚ್ ಮತ್ತು ಜರ್ಮನ್ ಭಾಷೆಗಳನ್ನು ಬಲ್ಲವರಾಗಿರಬೇಕು. ಇಷ್ಟು ಕಠಿಣ ನಿಯಮವಿದ್ದರೆ ಯಾರೂ ಸೇರಲಾರರೆಂದು ಪ್ರಾಧ್ಯಾಪಕರೇ ಅಂಜಿದರು. ತಾವಿಬ್ಬರೂ ಅಧ್ಯಾಪಕರಾಗಿ ಒಳಗೆ ಬಂದದ್ದು ಪುಣ್ಯ, ವಿದ್ಯಾರ್ಥಿಗಳಾಗಿದ್ದರೆ ಬಾಗಿಲಲ್ಲೇ ನಿಲ್ಲಬೇಕಿತ್ತು ಎಂದು ಓಸ್ಲರ್ ವೆಲ್ಚ್ ಅವರೊಡನೆ ಹಾಸ್ಯ ಮಾಡಿದರಂತೆ.

1893ರ ಅಕ್ಟೋಬರ್‌ನಲ್ಲಿ ಶಾಲೆ ಆರಂಭವಾದಾಗ ಸೇರಿದವರು 18 ಮಂದಿ, ಅವರಲ್ಲಿ ಮೂವರು ಮಹಿಳೆಯರು. ಅದೇ ಶಾಲೆಯಿಂದ 1900ರಲ್ಲಿ ಹೊರಬಂದ ಫ್ಲಾರೆನ್ಸ್ ಸೇಬಿನ್ 1917ರಲ್ಲಿ ಅಲ್ಲಿಯೇ ಪೂರ್ಣ ಪ್ರಾಧ್ಯಾಪಕರಾದ ಮೊದಲ ಮಹಿಳೆ. ಅವರ ಸಹಪಾಠಿ ಡೊರೊತಿ ರೀಡ್, ಓಸ್ಲರ್ ವಿಭಾಗದಲ್ಲಿ ತರಬೇತಿ ಮುಗಿಸಿ, ಹಾಡ್ಜ್‌ಕಿನ್ ಕಾಯಿಲೆಯನ್ನು ಗುರುತಿಸುವ ಜೀವಕೋಶವನ್ನು 1902ರಲ್ಲಿ ವಿವರಿಸಿದರು. ಆ ಜೀವಕೋಶಕ್ಕೆ ಇಂದಿಗೂ ಅವರ ಹೆಸರಿದೆ.

ವಾರ್ಡೇ ತರಗತಿ

ಹಾಪ್ಕಿನ್ಸ್‌ನ ವ್ಯಾಸಂಗ ನಾಲ್ಕು ವರ್ಷಗಳದು. ಮೊದಲೆರಡು ವರ್ಷ ಅಂಗರಚನೆ, ಶರೀರಕ್ರಿಯೆ, ರೋಗಶಾಸ್ತ್ರ ಮುಂತಾದ ವಿಷಯಗಳು. ಅವೂ ಪ್ರಯೋಗಾಲಯದಲ್ಲಿ ಕೈಯಾರೆ ಮಾಡಿ ಕಲಿಯಬೇಕಾದವು. ಮೂರನೆಯ ವರ್ಷ ವಿದ್ಯಾರ್ಥಿಗಳು ಹೊರರೋಗಿ ವಿಭಾಗಕ್ಕೆ ಬಂದು ರೋಗಿಯನ್ನು ಮಾತಾಡಿಸುವುದನ್ನೂ ಪರೀಕ್ಷಿಸುವುದನ್ನೂ ಕಲಿಯುತ್ತಿದ್ದರು. ನಾಲ್ಕನೆಯ ವರ್ಷ ವಾರ್ಡಿನಲ್ಲೇ ವಾಸವೆಂಬಂಥ ದುಡಿಮೆ.

ಈ ನಾಲ್ಕನೆಯ ವರ್ಷವೇ ಓಸ್ಲರ್ ಅವರ ದೊಡ್ಡ ಕೊಡುಗೆ. ಪ್ರತಿ ವಿದ್ಯಾರ್ಥಿಗೂ ಕೆಲವು ಮಂಚಗಳನ್ನು ಹಂಚಲಾಗುತ್ತಿತ್ತು. ಹೊಸ ರೋಗಿ ಬಂದೊಡನೆ ಆತನ ಕಾಯಿಲೆಯ ಇತಿಹಾಸವನ್ನು ಕೇಳಿ ಬರೆಯುವುದು, ಮೈಯನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುವುದು, ವಾರ್ಡಿಗೆ ಹೊಂದಿಕೊಂಡಿದ್ದ ಪುಟ್ಟ ಪ್ರಯೋಗಾಲಯದಲ್ಲಿ ರಕ್ತ, ಮೂತ್ರ, ಕಫಗಳನ್ನು ತಾನೇ ನೋಡುವುದು, ದಿನದಿನದ ಬದಲಾವಣೆಯನ್ನು ದಾಖಲಿಸುವುದು - ಇವೆಲ್ಲ ಆ ವಿದ್ಯಾರ್ಥಿಯ ಹೊಣೆ. ಆತ ವಾರ್ಡಿಗೆ ಬಂದ ಪ್ರೇಕ್ಷಕನಾಗಿರಲಿಲ್ಲ, ಆಸ್ಪತ್ರೆಯ ಕೆಲಸಗಾರರಲ್ಲಿ ಒಬ್ಬನಾಗಿದ್ದ.

ಬೆಳಿಗ್ಗೆ ಓಸ್ಲರ್ ರೌಂಡ್ಸ್‌ಗೆ ಬಂದಾಗ ವಿದ್ಯಾರ್ಥಿ ತನ್ನ ರೋಗಿಯ ವಿವರವನ್ನು ಒಪ್ಪಿಸಬೇಕಿತ್ತು. ಓಸ್ಲರ್ ಮಂಚದ ಅಂಚಿನಲ್ಲಿ ಕುಳಿತು ಮೊದಲು ರೋಗಿಯೊಡನೆ ನಾಲ್ಕು ನಗೆಮಾತು ಆಡಿ, ಆಮೇಲೆ ವಿದ್ಯಾರ್ಥಿಯತ್ತ ತಿರುಗುತ್ತಿದ್ದರು. ಮುಟ್ಟುವ ಮೊದಲು ನೋಡಬೇಕು, ಆಲಿಸುವ ಮೊದಲು ಮುಟ್ಟಬೇಕು, ತಿಳಿಯದಿದ್ದರೆ ತಿಳಿಯದೆಂದು ಹೇಳಬೇಕು - ಇದು ಅಲ್ಲಿನ ಶಿಸ್ತು. ಉತ್ತರ ಸಿಗದ ಪ್ರಶ್ನೆಯನ್ನು ವಿದ್ಯಾರ್ಥಿಯ ಹೆಸರಿಗೆ ಬರೆದು, ಗ್ರಂಥಾಲಯದಲ್ಲಿ ಹುಡುಕಿ ಬರುವಂತೆ ಕಳುಹಿಸುತ್ತಿದ್ದರು. ರೋಗಿ ತೀರಿಕೊಂಡರೆ ಅದೇ ಗುಂಪು ಶವಪರೀಕ್ಷೆಗೆ ಹೋಗಿ, ತಾವು ಊಹಿಸಿದ್ದೆಷ್ಟು ನಿಜ ಎಂಬುದನ್ನು ಕಣ್ಣಾರೆ ನೋಡುತ್ತಿತ್ತು. ಗುರುವಿನ ತಪ್ಪೂ ಅಲ್ಲಿ ಬಯಲಾಗುತ್ತಿತ್ತು. ಅದನ್ನು ಮುಚ್ಚಿಡುವ ಪದ್ಧತಿ ಓಸ್ಲರ್ ಅವರದಾಗಿರಲಿಲ್ಲ.

ಇವೆಲ್ಲವನ್ನೂ ಅವರು ಶೂನ್ಯದಿಂದ ಸೃಷ್ಟಿಸಿದರೆಂದು ಹೇಳಿದರೆ ಚರಿತ್ರೆಗೆ ಅಪಚಾರ. ಹಾಸಿಗೆ ಬದಿಯ ಪಾಠ ಹಾಲೆಂಡಿನ ಲೈಡನ್, ಸ್ಕಾಟ್ಲೆಂಡಿನ ಎಡಿನ್‌ಬರೋ, ಪ್ಯಾರಿಸ್ ನಗರಗಳಲ್ಲಿ ಮೊದಲೇ ಇತ್ತು. ವಿದ್ಯಾರ್ಥಿಯನ್ನು ವಾರ್ಡಿನ ಗುಮಾಸ್ತನಂತೆ ದುಡಿಸುವುದು ಲಂಡನ್ನಿನ ಆಸ್ಪತ್ರೆಗಳ ರೂಢಿ. ಪ್ರಯೋಗಾಲಯ ಮತ್ತು ದೀರ್ಘ ಕಾಲದ ಸಹಾಯಕ ವೈದ್ಯರ ಪದ್ಧತಿ ಜರ್ಮನಿಯದು. ಈ ಎಳೆಗಳನ್ನು ಒಂದು ವಿಶ್ವವಿದ್ಯಾಲಯದ ಆಡಳಿತದ ಅಡಿಯಲ್ಲಿ, ಅದರದೇ ಆಸ್ಪತ್ರೆಯಲ್ಲಿ ಹೆಣೆದು, ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿದ್ದು ಹಾಪ್ಕಿನ್ಸ್. ಓಸ್ಲರ್ ಮತ್ತು ಹಾಲ್‌ಸ್ಟೆಡ್ ರೂಪಿಸಿದ ವ್ಯವಸ್ಥೆಯಲ್ಲಿ ಪದವಿ ಪಡೆದ ಕಿರಿಯ ವೈದ್ಯರು ಆಸ್ಪತ್ರೆಯಲ್ಲೇ ವಾಸವಾಗಿದ್ದು ವರ್ಷಗಳ ಕಾಲ ಹಂತಹಂತವಾಗಿ ಹೊಣೆ ಹೊರುತ್ತಿದ್ದರು. ಇಂದಿನ ರೆಸಿಡೆಂಟ್ ವೈದ್ಯರೆಂಬ ಹೆಸರಿನಲ್ಲಿ ಆ ವಾಸ್ತವ್ಯದ ನೆನಪು ಉಳಿದಿದೆ.

ವಾರ್ಡಿನ ಹೊರಗೂ ಪಾಠ ನಡೆಯಿತು. ಕ್ಷಯರೋಗಿಗಳು ಔಷಧ ಪಡೆದು ಮನೆಗೆ ಹೋದ ಮೇಲೆ ಏನಾಗುತ್ತಾರೆ ಎಂಬ ಪ್ರಶ್ನೆ ಓಸ್ಲರ್ ಅವರನ್ನು ಕಾಡುತ್ತಿತ್ತು. ಅವರ ಏರ್ಪಾಟಿನಂತೆ ಅಡಿಲೇಡ್ ಡಚರ್ ಎಂಬ ವಿದ್ಯಾರ್ಥಿನಿ ಬಾಲ್ಟಿಮೋರಿನ ಓಣಿಗಳಲ್ಲಿ ರೋಗಿಗಳ ಮನೆಮನೆಗೆ ಹೋಗಿ, ಗಾಳಿ ಬೆಳಕಿಲ್ಲದ ಕೋಣೆಗಳನ್ನೂ ಒಂದೇ ಹಾಸಿಗೆಯಲ್ಲಿ ಮಲಗುವ ಕುಟುಂಬಗಳನ್ನೂ ಕಂಡು 1900ರಲ್ಲಿ ವರದಿ ಸಲ್ಲಿಸಿದರು. ಕ್ಷಯವು ಶ್ವಾಸಕೋಶದಲ್ಲಿರುವಂತೆಯೇ ವಸತಿಯಲ್ಲೂ ಇದೆ ಎಂಬುದು ವಿದ್ಯಾರ್ಥಿಗಳಿಗೆ ಮನವರಿಕೆಯಾಯಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ವಾರ್ಡಿನಲ್ಲಿ ಮಲಗಿದ್ದವರು ಬಡವರು. ಅವರ ಮೈಮೇಲೆ ಕಲಿತ ವಿದ್ಯೆ ಮುಂದೆ ಸಿರಿವಂತರ ಸೇವೆಗೂ ಸಲ್ಲುತ್ತಿತ್ತು. ಇದು ನ್ಯಾಯವೇ? ವಿದ್ಯಾರ್ಥಿಗಳಿರುವ ಆಸ್ಪತ್ರೆಯಲ್ಲಿ ಪ್ರತಿ ರೋಗಿಯನ್ನೂ ಹಲವು ಕಣ್ಣುಗಳು ಗಮನಿಸುತ್ತವೆ, ಪ್ರಾಧ್ಯಾಪಕನೂ ಎಚ್ಚರದಿಂದಿರಬೇಕಾಗುತ್ತದೆ, ಆದ್ದರಿಂದ ಆರೈಕೆ ಉತ್ತಮವಾಗುತ್ತದೆಯೇ ಹೊರತು ಕೆಡುವುದಿಲ್ಲ ಎಂಬುದು ಓಸ್ಲರ್ ಅವರ ವಾದ. ಅದರಲ್ಲಿ ಸತ್ಯಾಂಶವಿದೆ. ಆದರೆ ಆ ವಾದ ನಿಲ್ಲುವುದು ರೋಗಿಯ ಮಾನವನ್ನು ಕಾಯುವ ಗುರು ಇದ್ದಾಗ ಮಾತ್ರ. ಅಂಥ ಗುರುವಿಲ್ಲದ ಕಡೆ ರೋಗಿ ಕೇವಲ ಒಂದು ಕೇಸ್ ನಂಬರ್ ಆಗಿಬಿಡುತ್ತಾನೆ.

ಒಂದು ಪುಸ್ತಕದ ದೂರದ ಫಲ

ಶಾಲೆಯ ಆರಂಭ ತಡವಾದ ವರ್ಷಗಳಲ್ಲಿ ಓಸ್ಲರ್ ಸುಮ್ಮನಿರಲಿಲ್ಲ. ಆ ಬಿಡುವಿನಲ್ಲಿ ವೈದ್ಯಕೀಯದ ತತ್ತ್ವ ಮತ್ತು ಆಚರಣೆಯ ಕುರಿತ ತಮ್ಮ ಬೃಹತ್ ಪಠ್ಯಪುಸ್ತಕವನ್ನು ಬರೆದು 1892ರಲ್ಲಿ ಪ್ರಕಟಿಸಿದರು. ಅದು ದಶಕಗಳ ಕಾಲ ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗಳ ಕೈಪಿಡಿಯಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಗ್ರೇಸ್ ರಿವಿಯರ್ ಗ್ರಾಸ್ ಅವರನ್ನು ವಿವಾಹವಾದರು. ಆಕೆ ಫಿಲಡೆಲ್ಫಿಯಾದ ಶಸ್ತ್ರವೈದ್ಯರೊಬ್ಬರ ವಿಧವೆ. ಮೊದಲ ಮಗು ಹುಟ್ಟಿದ ವಾರದಲ್ಲೇ ತೀರಿಕೊಂಡಿತು. 1895ರಲ್ಲಿ ಹುಟ್ಟಿದ ಎರಡನೆಯ ಮಗ ರಿವಿಯರ್ ಉಳಿದ.

ಆ ಪಠ್ಯದ ವಿಶೇಷ ಅದರ ಪ್ರಾಮಾಣಿಕತೆ. ರೋಗದ ಲಕ್ಷಣ, ಕಾರಣ, ಗತಿಗಳನ್ನು ವಿಸ್ತಾರವಾಗಿ ವಿವರಿಸಿದ ಓಸ್ಲರ್, ಚಿಕಿತ್ಸೆಯ ವಿಷಯ ಬಂದಾಗ ಅನೇಕ ರೋಗಗಳಿಗೆ ನೆಚ್ಚಬಹುದಾದ ಔಷಧವೇ ಇಲ್ಲವೆಂದು ಸ್ಪಷ್ಟವಾಗಿ ಬರೆದರು. 1897ರ ಬೇಸಿಗೆಯಲ್ಲಿ ಈ ಪುಸ್ತಕವನ್ನು ಆದ್ಯಂತ ಓದಿದ ಒಬ್ಬ ಅಸಾಮಾನ್ಯ ಓದುಗ ಫ್ರೆಡರಿಕ್ ಗೇಟ್ಸ್. ಅವರು ವೈದ್ಯರಲ್ಲ, ಎಣ್ಣೆ ಉದ್ಯಮಿ ಜಾನ್ ಡಿ. ರಾಕ್‌ಫೆಲ್ಲರ್ ಅವರ ದಾನಕಾರ್ಯಗಳ ಸಲಹೆಗಾರ. ಮದ್ದಿಲ್ಲದ ರೋಗಗಳ ಪಟ್ಟಿಯನ್ನು ಕಂಡು ಬೆರಗಾದ ಗೇಟ್ಸ್, ಸಂಶೋಧನೆಗೆ ಹಣ ಹೂಡುವಂತೆ ಯಜಮಾನನಿಗೆ ಸೂಚಿಸಿದರು. 1901ರಲ್ಲಿ ರಾಕ್‌ಫೆಲ್ಲರ್ ವೈದ್ಯಕೀಯ ಸಂಶೋಧನಾ ಸಂಸ್ಥೆ ಹುಟ್ಟಿತು. 1904ರಲ್ಲಿ ಬಾಲ್ಟಿಮೋರ್ ನಗರ ಭೀಕರ ಬೆಂಕಿಗೆ ತುತ್ತಾಗಿ ಆಸ್ಪತ್ರೆಯ ಆದಾಯ ಕುಸಿದಾಗ ರಾಕ್‌ಫೆಲ್ಲರ್ 5 ಲಕ್ಷ ಡಾಲರ್ ನೀಡಿದರು. ಒಬ್ಬ ಅಧ್ಯಾಪಕ ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆದುದಕ್ಕೆ ದೊರೆತ ಪ್ರತಿಫಲವಿದು.

ಆಕ್ಸ್‌ಫರ್ಡಿಗೆ ಪಯಣ

ಖ್ಯಾತಿ ಬೆಳೆದಂತೆ ದೂರದೂರದ ರೋಗಿಗಳು ಬಾಲ್ಟಿಮೋರಿಗೆ ಬರತೊಡಗಿದರು. ದಣಿದಿದ್ದ ಓಸ್ಲರ್ 1905ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರೀಜಿಯಸ್ ಪ್ರಾಧ್ಯಾಪಕ ಪೀಠವನ್ನು ವಹಿಸಿಕೊಂಡರು. ಹೊರಡುವ ಮುನ್ನ ಫೆಬ್ರುವರಿಯಲ್ಲಿ ಮಾಡಿದ ವಿದಾಯ ಭಾಷಣ ಅವರನ್ನು ಪೇಚಿಗೆ ಸಿಲುಕಿಸಿತು. ಸೃಜನಶೀಲ ಕೆಲಸವೆಲ್ಲ ನಲವತ್ತರೊಳಗೆ ನಡೆಯುತ್ತದೆ, ಅರವತ್ತು ದಾಟಿದವರು ನಿವೃತ್ತರಾಗುವುದು ಲೇಸು ಎಂದು ಹೇಳುತ್ತ, ಹಳೆಯ ಕಾದಂಬರಿಯೊಂದನ್ನು ನೆನೆದು ಮುದುಕರಿಗೆ ಕ್ಲೋರೋಫಾರಂ ಕೊಡುವ ಹಾಸ್ಯವನ್ನು ಸೇರಿಸಿದರು. ಮರುದಿನದಿಂದ ಪತ್ರಿಕೆಗಳು ಅದನ್ನೇ ನಿಜವೆಂಬಂತೆ ಬಿತ್ತರಿಸಿದವು. ದೇಶವೆಲ್ಲ ಕೋಲಾಹಲ. ಅವರ ಹೆಸರೇ ವಯಸ್ಸಾದವರನ್ನು ಕೊಲ್ಲುವುದಕ್ಕೆ ಒಂದು ಕ್ರಿಯಾಪದವಾಗಿ ಬಳಕೆಗೆ ಬಂತು. ಆಗ ಅವರಿಗೆ 55 ವರ್ಷ.

ಆಕ್ಸ್‌ಫರ್ಡಿನ ನಾರ್ಹಂ ಗಾರ್ಡನ್ಸ್‌ನಲ್ಲಿದ್ದ ಅವರ ಮನೆ ವಿದ್ಯಾರ್ಥಿಗಳಿಗೆ, ಅತಿಥಿಗಳಿಗೆ ಸದಾ ತೆರೆದ ಬಾಗಿಲು. 1911ರಲ್ಲಿ ಬ್ಯಾರೊನೆಟ್ ಪದವಿ ದೊರೆತು ಸರ್ ವಿಲಿಯಂ ಆದರು.

ಸಂಬಳವೋ, ಸ್ವಂತ ಪ್ರಾಕ್ಟೀಸೋ?

1910ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳ ಕುರಿತು ಕಟುವಾದ ವರದಿ ಕೊಟ್ಟರು. ಅವರ ಅಳತೆಗೋಲು ಜಾನ್ಸ್ ಹಾಪ್ಕಿನ್ಸ್. ವರದಿಯ ಬಳಿಕ ಲಾಭಕ್ಕಾಗಿ ನಡೆಯುತ್ತಿದ್ದ ಕಳಪೆ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಆದರೆ ಅದಕ್ಕೆ ತೆತ್ತ ಬೆಲೆಯೂ ಉಂಟು. ಕಪ್ಪು ಜನರಿಗಾಗಿ ಇದ್ದ 7 ಶಾಲೆಗಳಲ್ಲಿ ಹೊವರ್ಡ್ ಮತ್ತು ಮೆಹಾರಿ ಎಂಬ ಎರಡು ಮಾತ್ರ ಉಳಿದವು. ಗುಣಮಟ್ಟದ ಹೆಸರಿನಲ್ಲಿ ಬಾಗಿಲು ಕಿರಿದಾದಾಗ ಹೊರಗುಳಿಯುವವರು ಯಾರು ಎಂಬ ಪ್ರಶ್ನೆಯನ್ನು ಆಗ ಯಾರೂ ಗಂಭೀರವಾಗಿ ಎತ್ತಲಿಲ್ಲ.

ಫ್ಲೆಕ್ಸ್‌ನರ್ ಮತ್ತು ರಾಕ್‌ಫೆಲ್ಲರ್ ಮಂಡಳಿಯ ಮುಂದಿನ ಹೆಜ್ಜೆ ಹಾಪ್ಕಿನ್ಸ್‌ನ ಒಳಗೇ ಬಿತ್ತು. ಪ್ರಾಧ್ಯಾಪಕರು ಖಾಸಗಿ ರೋಗಿಗಳಿಂದ ಬರುವ ಆದಾಯವನ್ನು ಬಿಟ್ಟು, ಪೂರ್ಣಾವಧಿ ಸಂಬಳದ ಮೇಲೆ ಬೋಧನೆ ಮತ್ತು ಸಂಶೋಧನೆ ಮಾಡಬೇಕೆಂಬುದು ಯೋಜನೆ. ಇದನ್ನು ಜಾರಿಗೆ ತರಲು ಮಂಡಳಿ 15 ಲಕ್ಷ ಡಾಲರ್ ಕೊಡಲು ಮುಂದಾಯಿತು. ವೆಲ್ಚ್ ಅದರ ಪರ. ಆಕ್ಸ್‌ಫರ್ಡಿನಲ್ಲಿದ್ದ ಓಸ್ಲರ್ 1911ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ ವಿರೋಧ ತಿಳಿಸಿದರು. ಹೊರಗಿನ ಸಮಾಜದ ರೋಗಿಗಳೊಡನೆ ಒಡನಾಟವಿಲ್ಲದೆ ಪ್ರಯೋಗಾಲಯದಲ್ಲೇ ಬೆಳೆದ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆ ಒಳ್ಳೆಯ ಮಾದರಿಯಾಗಲಾರರು, ಆಸ್ಪತ್ರೆಯು ಸಂಶೋಧನಾ ಕೇಂದ್ರವಾಗಿ ಬದಲಾಗಿ ರೋಗಿ ಎರಡನೆಯ ಸ್ಥಾನಕ್ಕೆ ಸರಿಯುತ್ತಾನೆ ಎಂಬುದು ಅವರ ಆತಂಕ.

ಓಸ್ಲರ್ ಸ್ವತಃ ಖಾಸಗಿ ಪ್ರಾಕ್ಟೀಸಿನಿಂದ ಸಾಕಷ್ಟು ಸಂಪಾದಿಸಿದವರು ಎಂಬುದನ್ನೂ ಇಲ್ಲಿ ನೆನೆಯಬೇಕು. 1913ರಲ್ಲಿ ಹಾಪ್ಕಿನ್ಸ್ ಹೊಸ ಪದ್ಧತಿಯನ್ನು ಒಪ್ಪಿಕೊಂಡಿತು. ಓಸ್ಲರ್ ಅವರ ಉತ್ತರಾಧಿಕಾರಿಯಾಗಿದ್ದ ಲೂಯೆಲಿಸ್ ಬಾರ್ಕರ್ ಪೂರ್ಣಾವಧಿ ಹುದ್ದೆಯನ್ನು ನಿರಾಕರಿಸಿದರು. ಸಂಶೋಧನೆ ಬೆಳೆಯಲು ಆ ಪದ್ಧತಿ ಕಾರಣವಾಯಿತು ಎಂಬುದನ್ನು ಅಲ್ಲಗಳೆಯಲಾಗದು. ಪ್ರಬಂಧಗಳ ಎಣಿಕೆಯೇ ಅಧ್ಯಾಪಕನ ಅಳತೆಯಾಗಿ, ಬೋಧನೆ ಬಡವಾಗಬಹುದೆಂಬ ಓಸ್ಲರ್ ಅವರ ಭಯವೂ ಸುಳ್ಳಾಗಲಿಲ್ಲ. ವೈದ್ಯಶಿಕ್ಷಕನ ಸಮಯ ಯಾರಿಗೆ ಸೇರಿದ್ದು ಎಂಬ ಜಗಳ ಇಂದಿಗೂ ಮುಗಿದಿಲ್ಲ.

ಒಬ್ಬನೇ ಮಗ

ಮೊದಲ ಮಹಾಯುದ್ಧ ಆರಂಭವಾದಾಗ ಓಸ್ಲರ್ ಸೈನಿಕರಿಗೆ ವಿಷಮಶೀತ ಜ್ವರದ ಲಸಿಕೆ ಹಾಕಿಸಬೇಕೆಂದು ಪ್ರಚಾರ ಮಾಡಿದರು. ಪುಸ್ತಕ, ಮೀನುಗಾರಿಕೆಗಳನ್ನು ಪ್ರೀತಿಸುತ್ತಿದ್ದ ಮಗ ರಿವಿಯರ್ ಫಿರಂಗಿ ದಳ ಸೇರಿದ. 1917ರ ಆಗಸ್ಟ್ ಕೊನೆಯಲ್ಲಿ ಬೆಲ್ಜಿಯಂನ ಈಪ್ರ ಬಳಿ ಶೆಲ್ಲಿನ ಚೂರುಗಳು ತಗುಲಿ ಆತ ಗಾಯಗೊಂಡ. ತಂದೆಯ ಮಿತ್ರರಾದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಸುದ್ದಿ ತಿಳಿದು ಧಾವಿಸಿದರು. ಜಾರ್ಜ್ ಕ್ರೈಲ್ ಕೂಡ ಅಲ್ಲಿದ್ದರು. ಅಮೆರಿಕದ ಹೆಸರಾಂತ ಶಸ್ತ್ರವೈದ್ಯರೇ ಸುತ್ತ ನಿಂತಿದ್ದರೂ ಹುಡುಗ ಉಳಿಯಲಿಲ್ಲ. ಆಗಸ್ಟ್ 30ರಂದು, 21ರ ಹರೆಯದಲ್ಲಿ ಪ್ರಾಣ ಬಿಟ್ಟ.

ಓಸ್ಲರ್ ಹೊರಗೆ ಎಂದಿನಂತೆ ನಗುತ್ತಲೇ ಇದ್ದರು. ಆಪ್ತರು ಮಾತ್ರ ಆ ನಗೆಯ ಹಿಂದಿನ ದುಃಖವನ್ನು ಬಲ್ಲವರಾಗಿದ್ದರು. 1919ರ ಶರತ್ಕಾಲದಲ್ಲಿ ಶ್ವಾಸಕೋಶದ ಸೋಂಕಿನಿಂದ ಹಾಸಿಗೆ ಹಿಡಿದರು. ತಮ್ಮ ರೋಗದ ಗತಿಯನ್ನು ತಾವೇ ಗಮನಿಸುತ್ತ, ಚೇತರಿಕೆ ಸಾಧ್ಯವಿಲ್ಲವೆಂದು ಅರಿತರು. ಡಿಸೆಂಬರ್ 29ರಂದು, 70ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಕೂಡಿಸಿದ್ದ ಸುಮಾರು 8,000 ಗ್ರಂಥಗಳು ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಸೇರಿದವು. 1929ರಲ್ಲಿ ತೆರೆದ ಓಸ್ಲರ್ ಗ್ರಂಥಾಲಯದಲ್ಲಿ ಆ ಪುಸ್ತಕಗಳ ನಡುವೆಯೇ ದಂಪತಿಗಳ ಚಿತಾಭಸ್ಮವಿದೆ. ಕುಶಿಂಗ್ ಬರೆದ ಓಸ್ಲರ್ ಜೀವನ ಚರಿತ್ರೆಗೆ 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು.

ಮರೆಯಬಾರದ ಇನ್ನೊಂದು ಮುಖ

ದೀರ್ಘಕಾಲ ಓಸ್ಲರ್ ಅವರನ್ನು ವೈದ್ಯಲೋಕ ಸಂತನಂತೆ ಕಂಡಿತು. ಇತ್ತೀಚಿನ ವರ್ಷಗಳಲ್ಲಿ ಆ ಚಿತ್ರ ಬದಲಾಗಿದೆ. 1914ರಲ್ಲಿ, ಬಹುಪಾಲು ಪಂಜಾಬಿನ ಸಿಖ್ಖರೇ ಇದ್ದ 376 ಪ್ರಯಾಣಿಕರನ್ನು ಹೊತ್ತ ಕೋಮಾಗಾಟಾ ಮಾರು ಹಡಗು ಕೆನಡಾದ ವ್ಯಾಂಕೂವರ್ ಬಂದರಿನಲ್ಲಿ ಇಳಿಯಲು ಅನುಮತಿಯಿಲ್ಲದೆ ನಿಂತಿದ್ದ ವರ್ಷ, ಓಸ್ಲರ್ ಏಷ್ಯಾದವರ ವಲಸೆಯನ್ನು ವಿರೋಧಿಸಿ, ಕೆನಡಾ ಬಿಳಿಯರ ನಾಡಾಗಿಯೇ ಉಳಿಯಬೇಕೆಂಬ ಅರ್ಥದ ಮಾತನಾಡಿದ್ದರು. ಈ ಸಂಗತಿಯನ್ನು 2020ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯ ಲೇಖನವೊಂದು ಮತ್ತೆ ಬೆಳಕಿಗೆ ತಂದಿತು. ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕಪ್ಪು ರೋಗಿಗಳಿಗೆ ಚಿಕಿತ್ಸೆ ದೊರೆತರೂ ವಾರ್ಡುಗಳು ಬೇರೆ ಬೇರೆಯಾಗಿದ್ದವು. ಅಲ್ಲಿನ ವೈದ್ಯಕೀಯ ಶಾಲೆ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶ ಕೊಟ್ಟದ್ದು 1960ರ ದಶಕದಲ್ಲಿ. ಮಂಚದ ಪಕ್ಕ ಕುಳಿತು ಪ್ರತಿ ರೋಗಿಯನ್ನೂ ಮನುಷ್ಯನಂತೆ ಕಾಣಲು ಕಲಿಸಿದ ಗುರುವಿಗೆ, ಹಡಗಿನಲ್ಲಿ ಬಂದವರನ್ನು ಹಾಗೆ ಕಾಣಲಾಗಲಿಲ್ಲ. ಈ ಎರಡೂ ಸಂಗತಿಗಳು ಒಬ್ಬನೇ ಮನುಷ್ಯನವು.

ಓಸ್ಲರ್ ಬಿಟ್ಟುಹೋದ ವಿಧಾನ ಮಾತ್ರ ಅವರ ಮಿತಿಗಳನ್ನು ದಾಟಿ ಬೆಳೆಯಿತು. ಭಾರತದಲ್ಲಿ 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ಮೊದಲ ವರ್ಷದಿಂದಲೇ ವಿದ್ಯಾರ್ಥಿಯನ್ನು ರೋಗಿಯ ಬಳಿಗೆ ಕರೆದೊಯ್ಯಬೇಕೆಂದು ಹೇಳುತ್ತದೆ. ನಿಯಮ ಕಾಗದದ ಮೇಲಿದ್ದರೆ ಸಾಲದು. ಅದಕ್ಕೆ ವಾರ್ಡಿನಲ್ಲಿ ರೋಗಿಗಳಿರಬೇಕು, ಮಂಚದ ಬಳಿ ನಿಂತು ಪಾಠ ಹೇಳಲು ಬಿಡುವುಳ್ಳ ಅಧ್ಯಾಪಕರಿರಬೇಕು. ಹಾಪ್ಕಿನ್ಸ್ ತನ್ನ ಮೊದಲ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವ ನಾಲ್ಕು ವರ್ಷ ಮೊದಲೇ ಆಸ್ಪತ್ರೆಯನ್ನು ತೆರೆದಿತ್ತು, ಅಧ್ಯಾಪಕರನ್ನು ನೇಮಿಸಿತ್ತು. ಹಣದ ಮುಗ್ಗಟ್ಟಿನಲ್ಲೂ ಪ್ರವೇಶದ ಮಟ್ಟವನ್ನು ಇಳಿಸಲಿಲ್ಲ. ಮಗನನ್ನೋ ಮಗಳನ್ನೋ ವೈದ್ಯಕೀಯಕ್ಕೆ ಸೇರಿಸಲು ಕಾಲೇಜು ಹುಡುಕುವ ಪೋಷಕರು ಕಟ್ಟಡದ ಅಂದವನ್ನು ನೋಡುವ ಮೊದಲು ಅಲ್ಲಿನ ವಾರ್ಡುಗಳಲ್ಲಿ ಒಮ್ಮೆ ಅಡ್ಡಾಡಿ ಬರುವುದು ಒಳ್ಳೆಯದು.